ಲೇಬಲ್ ಕಿತ್ತ ಸೀಸೆ

ಓಸ್ಟರ್‌ಸುಂಡ್, ಸ್ವೀಡನ್
12 ನವೆಂಬರ್ 2024

ಚಿಕ್ಕತಾಯಿ,

ಸೀಸೆ ಬಂದು ಸೇರಿತು. ಅದರ ಜೊತೆ ಮಗಳೂ ಮೊಮ್ಮಗಳೂ ಬಂದರು ಅನ್ನು! ಅರ್ಪಿತಾ ಅದನ್ನು ನಿನ್ನ ಮನೆಯಿಂದ ಕೂಸಿನ ಕಂಬಳಿಯಲ್ಲಿ ಸುತ್ತಿ ತಂದಿದ್ದಳು. "ಚಿಕ್ಕಮ್ಮ ಬಾಣಂತಿ ಲೇಹ ಮಾಡಿಕೊಟ್ರು, ಅಜ್ಜಿ ಮಾಡ್ತಿದ್ದಂಗೇ ಅಂತೆ" ಎಂದು ನನ್ನ ಮೂಗಿಗೆ ಹಿಡಿದಳು. ಹಳೇ ಕಾಫಿಪುಡಿ ಸೀಸೆ, ಮೇಲೆ ನಿನ್ನ ಕೈಬರಹದ ಚೀಟಿ: ‘ಅವ್ವನ ಲೇಹ’. ನಿಂತಿದ್ದವಳು ಕೂತುಬಿಟ್ಟೆ.

ನಮ್ಮವ್ವ ಸೂಲಗಿತ್ತಿ ಸಣ್ಣಮ್ಮ. ಊರಿನ ಅರ್ಧ ಜನ ಈ ಲೋಕದಲ್ಲಿ ಮೊದಲು ಮುಟ್ಟಿದ್ದು ಅವಳ ಕೈಯನ್ನು. ಹೆರಿಗೆ ಆಗೋವರೆಗೆ ಅವಳು ತಾಯಿ. ಆದ ಮೇಲೆ ಹಿತ್ತಲಲ್ಲಿ ಬೊಗಸೆ ಒಡ್ಡಿ, ಆ ಮನೆಯವರು ಎತ್ತಿ ಹುಯ್ದ ನೀರು ಕುಡಿಯಬೇಕಾದವಳು. ಅವಳು ತೊಳಸಿದ ಲೇಹ ಮಾತ್ರ ಯಾವ ಜಾತಿಯ ಬಾಣಂತಿಗೂ ಮೈಲಿಗೆ ಆಗಲಿಲ್ಲ. ಈ ಮಾತನ್ನು ಮೈಸೂರಿನ ಎಷ್ಟು ಸಭೆಗಳಲ್ಲಿ ಕೂಗಿ ಹೇಳಿದ್ದೇನೋ ನಿನಗೇ ಗೊತ್ತು. ಕೂಸಿಗೆ ಸನ್ನಾ ಅಂತ ಹೆಸರಿಟ್ಟಿದ್ದೂ ಅದಕ್ಕೇ. ಇಲ್ಲಿನವರಿಗೆ ಅದು ಅವರ ಹೆಸರು, ನಮಗೆ ಅವ್ವ.

ಅರ್ಪಿತಾ ನಾಳೆಯಿಂದ ಮತ್ತೆ ಹಿಮಕ್ಕೆ ಇಳಿಯುತ್ತಾಳೆ. ಐದು ವರ್ಷದವಳ ಕಾಲಿಗೆ ನಿಲ್ಸ್ ಎರಡು ಹಲಗೆ ಕಟ್ಟಿ ಕಾಡಿನ ಜಾಡಿಗೆ ಬಿಟ್ಟಾಗ ನಾನು ಗಂಡನ ಜೊತೆ ಮೂರು ದಿನ ಮಾತು ಬಿಟ್ಟಿದ್ದೆ. ಹದಿನಾರಕ್ಕೆ ಜಿಲ್ಲೆ ಗೆದ್ದಳು, ಹತ್ತೊಂಬತ್ತಕ್ಕೆ ದೇಶ, ಇಪ್ಪತ್ತಾರಕ್ಕೆ ಹತ್ತು ಕಿಲೋಮೀಟರ್ ಸ್ಕೀ ಓಟದಲ್ಲಿ ವಿಶ್ವ ಚಾಂಪಿಯನ್. ಕಪ್ಪು ಹುಡುಗಿಗೆ ಹಿಮ ಒಗ್ಗುತ್ತಾ ಎಂದು ಕೇಳಿದ್ದ ಬಾಯಿಗಳೇ ದಾರಿ ಪಕ್ಕ ನಿಂತು ‘ಹೇಯಾ ಹೇಯಾ’ ಎಂದು ಗಂಟಲು ಹರಿದುಕೊಂಡವು. ಈಗ ಅದೇ ಬಾಯಿಗಳು ರಾಗ ಬದಲಿಸಿವೆ. ಮೂವತ್ತೆರಡು ವರ್ಷ, ಹೆತ್ತವಳು, ಮುಗೀತು ಅಂತ ಇಲ್ಲಿನ ಪತ್ರಿಕೆ ಬರೆದಿದೆ.

ನೀನು ಬರೆದುಕೊಟ್ಟ ಸಾಮಾನಿನ ಪಟ್ಟಿಯನ್ನು ಅವಳು ತಂಡದ ಡಾಕ್ಟರಿಗೆ ತೋರಿಸಿದಳು. ಕೇಳದೆ ಏನೂ ಬಾಯಿಗೆ ಹಾಕೋ ಹಾಗಿಲ್ಲ ಆಟಗಾರರು. ಶುಂಠಿ, ಮೆಣಸು, ಹಿಪ್ಪಲಿ, ಜೀರಿಗೆ, ಓಮ, ಜಾಯಿಕಾಯಿ, ಬೆಲ್ಲ, ತುಪ್ಪ. ಡಾಕ್ಟರು ಓದಿ "ಇದು ಔಷಧಿ ಅಲ್ಲ, ನಮ್ಮ ಕ್ರಿಸ್‌ಮಸ್ ಬಿಸ್ಕತ್ತು" ಎಂದು ನಕ್ಕು ಒಪ್ಪಿದರಂತೆ.

ಒಂದು ಮಾತು ಕೇಳಲಾ? ನೀನು ಇದನ್ನು ಯಾವಾಗ ಕಲಿತೆ? ಹಿರಿಯವಳು ನಾನು, ನನಗೇ ಬರಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಪಾಕ ಬರೆದು ಕಳಿಸು. ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಜಗಳಕ್ಕೇ ನಿಲ್ಲುತ್ತೇವೆ.

ಜವರಮ್ಮ


ಪಾರ್ಸಿಪನಿ, ನ್ಯೂಜೆರ್ಸಿ
1 ಡಿಸೆಂಬರ್ 2024

ಅಕ್ಕ,

ನಿನ್ನ ಮಗಳು ಇಲ್ಲಿದ್ದ ಹದಿನೆಂಟು ದಿನ ನಮ್ಮ ಕಾಂಪ್ಲೆಕ್ಸಿನವರಿಗೆ ಟಿವಿ ಬೇಡವಾಗಿತ್ತು. ಕಾಲಿಗೆ ಚಕ್ರದ ಸ್ಕೀ, ಕೈಯಲ್ಲಿ ಎರಡು ಕೋಲು, ಭಾನುವಾರ ಬೆಳಿಗ್ಗೆ ಖಾಲಿ ಬಿದ್ದ ಆಫೀಸ್ ಪಾರ್ಕಿನ ಪಾರ್ಕಿಂಗ್ ಲಾಟಿನಲ್ಲಿ ಮೂವತ್ತು ಸುತ್ತು. ಸ್ಟ್ರೋಲರ್ ಹಿಡಿದು ನಾನು ಕಾವಲು. ವಾಕಿಂಗ್ ಬಂದ ಬದರೀನಾಥ ಅಂಕಲ್ ನಿಂತು ನೋಡಿದರು.

"ಪಾಪ, ಆಕ್ಸಿಡೆಂಟಾ? ಫಿಸಿಯೋಥೆರಪಿ ಮಾಡಿಸ್ತಿದೀರಾ?"

"ಇಲ್ಲ ಅಂಕಲ್, ವರ್ಲ್ಡ್ ಚಾಂಪಿಯನ್ನು" ಅಂದ ನಮ್ಮ ಯಜಮಾನ ರಮೇಶ.

"ಓ, ವೆರಿ ಗುಡ್! ಯಾವುದ್ರಲ್ಲಿ?"

"ಹಿಮದ ಮೇಲೆ ಓಡೋದ್ರಲ್ಲಿ."

ಅಂಕಲ್ ಸ್ವಲ್ಪ ಯೋಚನೆ ಮಾಡಿ, "ಅದು ಸರಿ. ಜಾಬ್ ಏನ್ ಮಾಡ್ತಾಳೆ?" ಅಂದರು.

ಅರ್ಪಿತಾಗೆ ಅರ್ಥ ಮಾಡಿಸಿದ ಮೇಲೆ ಅವಳು ಕೋಲು ಬಿಸಾಕಿ ನಕ್ಕಳು. ಅಷ್ಟು ನಗುವ ಹುಡುಗಿ ಸುತ್ತು ಹಾಕಲು ನಿಂತರೆ ಮಾತ್ರ ಮುಖವೇ ಬೇರೆ. ಅವ್ವ ಹೆರಿಗೆ ಮನೆಗೆ ಹೋಗುವಾಗ ಸೆರಗು ಸಿಗಿಸಿಕೊಳ್ಳುತ್ತಿದ್ದಳಲ್ಲ, ಆ ಮುಖ.

ಫೋರ್ಟ್ ಲೀಯಿಂದ ಮಗಳು ಲಾವಣ್ಯಾ ವಾರಕ್ಕೊಮ್ಮೆ ಬಂದು ಹೋಗುತ್ತಾಳೆ. ನ್ಯೂಯಾರ್ಕಿನ ವಕೀಲರ ಆಫೀಸಿನಲ್ಲಿ ಅವಳಿಗೆ ಕೈತುಂಬ ಕೆಲಸ. ಚಳಿ ಶುರುವಾಗಿದೆ. ಹೀಟರ್ ರಿಪೇರಿ ಆಯಿತು.

ಪಾಕ ಅಂದೆಯಲ್ಲ. ಅದೆಲ್ಲ ಕೈಯಳತೆ ಅಕ್ಕ, ಬರೆದರೆ ಬರುವಂಥದ್ದಲ್ಲ. ಮುಂದೆ ಎಂದಾದರೂ ಬಂದಾಗ ನೋಡೋಣ. ದಿನಾ ತಿನ್ನಲೇಬೇಕು ಅಂತೇನೂ ಇಲ್ಲ. ಸಾಕೆನಿಸಿದರೆ ಬಿಡಲಿ.

ಚಿಕ್ಕತಾಯಿ


ಓಸ್ಟರ್‌ಸುಂಡ್
26 ಜನವರಿ 2025

ಚಿಕ್ಕತಾಯಿ,

ಮೊದಲು ಒಂದು ಮಾತು: ಕೂಸು ಚೆನ್ನಾಗಿದೆ. ಡಾಕ್ಟರು ಎರಡೆರಡು ಸಲ ನೋಡಿ ಹೇಳಿದ್ದಾರೆ. ಈಗ ಉಳಿದದ್ದು ಓದು.

ಡಿಸೆಂಬರಿನಲ್ಲಿ ಅರ್ಪಿತಾ ಎರಡು ರೇಸ್ ಗೆದ್ದಳು. ಮುಗೀತು ಎಂದು ಬರೆದಿದ್ದ ಪತ್ರಿಕೆ ಮುಖಪುಟದಲ್ಲೇ ಅವಳ ಫೋಟೋ ಹಾಕಿತು. ಎರಡನೇ ರೇಸ್ ಆದಮೇಲೆ ಎಂದಿನಂತೆ ಮೂತ್ರ ಪರೀಕ್ಷೆ. ಹೊಸ ವರ್ಷದ ಮಾರನೇ ದಿನ ಕಾಗದ ಬಂತು. ನಿಷೇಧಿತ ಔಷಧ ಸಿಕ್ಕಿದೆಯಂತೆ. ಆಸ್ತಮಾದವರ ಉಸಿರುಕೊಳವೆ ಸಡಿಲಿಸುವ ಔಷಧ. ಮನೆಯಲ್ಲಿ ಇದ್ದಬದ್ದದ್ದನ್ನೆಲ್ಲ ಒಯ್ದು ಪರೀಕ್ಷೆ ಮಾಡಿದರು. ವಿಟಮಿನ್, ಟೂತ್‌ಪೇಸ್ಟ್, ಕೂಸಿನ ಹನಿ ಔಷಧ, ಎಲ್ಲ. ಸಿಕ್ಕಿದ್ದು ನಿನ್ನ ಸೀಸೆಯಲ್ಲಿ.

ವಿಚಾರಣೆ ಮಾರ್ಚ್ 24ಕ್ಕೆ. ಸೋತರೆ ಎರಡು ವರ್ಷ ನಿಷೇಧ. ಈ ವಯಸ್ಸಿಗೆ ಎರಡು ವರ್ಷ ಅಂದರೆ ಮತ್ತೆ ಜಾಡಿಗೆ ಇಳಿಯುವ ಮಾತೇ ಇಲ್ಲ. ಹಿಂದೆ ಗೆದ್ದ ಚಿನ್ನಕ್ಕೂ ಕಳ್ಳಿ ಅನ್ನುವ ಹೆಸರು ಅಂಟುತ್ತದೆ.

ತನಿಖೆಯವನೊಬ್ಬ ತುಟಿ ಕೊಂಕಿಸಿ "ಹಳ್ಳಿ ಮುದುಕಿಯ ಮದ್ದಿನಲ್ಲಿ ಏನಿತ್ತೋ ಯಾರಿಗೆ ಗೊತ್ತು" ಅಂದ. ಎದ್ದು ನಿಂತು ಹೇಳಿದೆ: ನನ್ನ ತಾಯಿ ಸಾವಿರ ಹೆರಿಗೆ ಮಾಡಿಸಿದವಳು, ನಿನ್ನ ಲ್ಯಾಬು ಹುಟ್ಟುವ ಮೊದಲೇ ಅವಳಿಗೆ ಬಾಣಂತಿಯ ಮೈ ಗೊತ್ತಿತ್ತು. ಬರೆದೂ ಕೊಟ್ಟೆ: ಇದು ನನ್ನ ತಾಯಿಯ ಪಾಕ, ನನ್ನ ತಂಗಿ ಸ್ವಂತ ಕೈಯಲ್ಲಿ ಮಾಡಿದ್ದು, ಅಂಗಡಿ ಸಾಮಾನಲ್ಲ.

ನಮ್ಮ ವಕೀಲ ತಲೆ ಹಿಡಿದುಕೊಂಡ. ಅಂಗಡಿಯದಾಗಿದ್ದರೆ ದಾರಿಯಿತ್ತಂತೆ. ಲೇಬಲ್ಲಿನಲ್ಲಿ ಹೇಳದ್ದನ್ನು ಕಂಪನಿಯವರು ಬೆರೆಸಿದ್ದಾರೆ, ಡಾಕ್ಟರನ್ನು ಕೇಳಿಯೇ ಇವಳು ತಿಂದಿದ್ದಾಳೆ ಎಂದು ತೋರಿಸಬಹುದಿತ್ತಂತೆ. ಮನೆಯಲ್ಲಿ ಮಾಡಿದ್ದಾದರೆ ಹೊಣೆಯೆಲ್ಲ ತಿಂದವಳದ್ದೇ. "ಇನ್ನೊಮ್ಮೆ ಅಂಗಡಿ ಅಂದರೆ ನೀನು ನಮ್ಮ ವಕೀಲನೇ ಅಲ್ಲ" ಅಂದೆ. ನಮ್ಮ ಅವ್ವನ ವಿದ್ಯೆಯನ್ನು ಈ ದೇಶದವರೂ ಹಿತ್ತಲಲ್ಲಿ ನಿಲ್ಲಿಸಲು ನೋಡುತ್ತಿದ್ದಾರೆ. ನಾನು ಬಿಡುವವಳಲ್ಲ.

ನೀನು ಮಾಡಬೇಕಾದ್ದು ಇಷ್ಟೇ. ಪಾಕವನ್ನು ಅಳತೆ ಸಮೇತ ಬರೆದು, ನೋಟರಿ ಮುಂದೆ ಸಹಿ ಹಾಕಿ, ಕೂಡಲೇ ಕಳಿಸು.

ಜವರಮ್ಮ


ಪಾರ್ಸಿಪನಿ
9 ಫೆಬ್ರವರಿ 2025

ಅಕ್ಕ,

ಪತ್ರ ಸಿಕ್ಕಿತು. ಕೂಸು ಚೆನ್ನಾಗಿದೆ ಅನ್ನುವ ಸಾಲನ್ನು ಎಷ್ಟು ಸಲ ಓದಿದೆನೋ. ನನಗೆ ಜ್ವರ. ರಮೇಶನಿಗೆ ಪ್ರಾಜೆಕ್ಟ್ ಮುಗಿಯುವ ಗಡಿಬಿಡಿ. ಹಿಮ ಬಿದ್ದು ರಸ್ತೆ ಕಟ್ಟಿದೆ, ನೋಟರಿ ಹತ್ತಿರ ಹೋಗಲು ಆಗಿಲ್ಲ. ಲ್ಯಾಬಿನವರು ತಪ್ಪು ಮಾಡುವುದೂ ಉಂಟಂತೆ, ಇನ್ನೊಮ್ಮೆ ಪರೀಕ್ಷೆ ಮಾಡಿಸಿ ನೋಡಿ. ವಕೀಲರು ಹೇಳುವುದನ್ನೂ ಸ್ವಲ್ಪ ಕೇಳು.

ಚಿಕ್ಕತಾಯಿ


ಓಸ್ಟರ್‌ಸುಂಡ್
21 ಫೆಬ್ರವರಿ 2025

ಚಿಕ್ಕತಾಯಿ,

ಜ್ವರವಂತೆ, ಹಿಮವಂತೆ! ಹಿಮದ ಕತೆ ನನಗೆ ಹೇಳುತ್ತೀಯಾ?

ನಿನಗೆ ಏನಾಗಿದೆ ಎಂದು ನನಗೆ ಗೊತ್ತು. ಹೆದರಿಕೆ. ಕಾಗದಕ್ಕೆ ಸಹಿ ಹಾಕಿದರೆ ಅಮೆರಿಕದಲ್ಲಿ ಎಲ್ಲಿ ತೊಂದರೆಯಾಗುತ್ತದೋ ಎಂಬ ಹೆದರಿಕೆ. ಹಾಸ್ಟೆಲ್ ಮುಷ್ಕರದಲ್ಲಿ ಪೊಲೀಸ್ ಜೀಪಿನ ಮುಂದೆ ಅಡ್ಡ ಮಲಗಿದವಳು ನೀನೇನಾ? ಸಿಟಿಜನ್‌ಶಿಪ್ ಸಿಕ್ಕಿದ ಮೇಲೆ ಬೆನ್ನುಮೂಳೆ ಮೆತ್ತಗಾಯಿತೇ?

ನಾನು ಸುಮ್ಮನೆ ಕೂತಿಲ್ಲ. ‘ನನ್ನ ತಾಯಿಯ ಮದ್ದು ಮೋಸವಲ್ಲ’ ಎಂದು ಇಲ್ಲಿನ ಪತ್ರಿಕೆಗೆ ಬರೆದೆ, ಅಚ್ಚಾಯಿತು. ಅಪರಿಚಿತರು ಬಂದು ಕೈ ಕುಲುಕಿದರು. ಮನೆಯಲ್ಲಿ ಮಾತ್ರ ಅರ್ಪಿತಾ ಸ್ಕೀಗಳನ್ನು ಒರೆಸಿ ನೆಲಮಾಳಿಗೆಯಲ್ಲಿ ನೇತುಹಾಕಿದ್ದಾಳೆ. ಚಳಿಗಾಲದ ನಟ್ಟನಡುವೆ ಆ ಗೋಡೆಯ ಮೇಲೆ ಸ್ಕೀ ಇದ್ದದ್ದನ್ನು ಇಪ್ಪತ್ತೇಳು ವರ್ಷದಲ್ಲಿ ನಾನು ನೋಡಿಲ್ಲ. ಅವಳಿಗೆ ನನ್ನ ಲೇಖನ ತೋರಿಸಿದೆ. ಓದಿ ಮಡಿಚಿಟ್ಟು ಕನ್ನಡದಲ್ಲಿ ಕೇಳಿದಳು: "ಅವ್ವಾ, ನಿಂಗೆ ನಾನು ಗೆಲ್ಬೇಕಾ, ಅಜ್ಜಿ ಗೆಲ್ಬೇಕಾ?"

ಹೀಗೆ ಕೇಳಿದ್ದು ನನ್ನನ್ನು ಚಿಕ್ಕತಾಯಿ. ನನ್ನನ್ನು!

ಪಾಕ ಕಳಿಸು. ಇಲ್ಲವಾದರೆ ನನಗೆ ತಂಗಿ ಇದ್ದಳು ಅಂದುಕೊಳ್ಳುತ್ತೇನೆ.

ಜವರಮ್ಮ


ಪಾರ್ಸಿಪನಿ
3 ಮಾರ್ಚ್ 2025

ಅಕ್ಕ,

ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ನಿಂತು ಓದಬೇಡ, ಕೂತು ಓದು.

ಆ ಲೇಹ ನಾನು ಮಾಡಿದ್ದಲ್ಲ. ಅಂಗಡಿಯದು.

ಅರ್ಪಿತಾ ಕೂಸಿನ ಜೊತೆ ಬರುತ್ತಾಳೆ ಅಂದಾಗ ಮಾಡೋಣ ಅಂತಲೇ ಹೊರಟೆ. ಮೂರು ಸಲ ಮಾಡಿದೆ. ಮೊದಲನೆಯದು ಕಲ್ಲು, ಎರಡನೆಯದು ಗಂಜಿ. ಮೂರನೆಯದರಲ್ಲಿ ಬೆಲ್ಲ ಸೀದು ಸ್ಮೋಕ್ ಅಲಾರಂ ಹೊಡೆದುಕೊಂಡು ಇಡೀ ಕಾಂಪ್ಲೆಕ್ಸ್ ಕೆಳಗಿಳಿದು ನಿಂತಿತು, ಫೈರ್ ಎಂಜಿನ್ ಬಂತು. ಬದರೀನಾಥ ಅಂಕಲ್ ಪಂಚೆಯಲ್ಲೇ ಓಡಿ ಬಂದು "ಏನಮ್ಮಾ, ಹೋಮ ಇಟ್ಕೊಂಡಿದ್ರಾ?" ಅಂದರು. ಆ ಸಂಜೆಯೇ ಇಂಡಿಯನ್ ಸ್ಟೋರಿಗೆ ಹೋದೆ. ಒಂದು ಪ್ಯಾಕೆಟ್ಟಿಗೆ ಒಂದು ಫ್ರೀ ಇತ್ತು. ಒಂದನ್ನು ಕಾಫಿ ಸೀಸೆಗೆ ಸುರಿದು ಚೀಟಿ ಅಂಟಿಸಿದೆ. ಅರ್ಪಿತಾ ಕೇಳಿದಾಗ ಸಾಮಾನಿನ ಪಟ್ಟಿಯನ್ನು ಪ್ಯಾಕೆಟ್ ನೋಡಿಯೇ ಬರೆದೆ. ಅದರಲ್ಲಿದ್ದ ಒಂದು ಅಕ್ಷರವನ್ನೂ ನಾನು ಬದಲಿಸಿಲ್ಲ. ಅವರು ಬರೆಯದೆ ಏನು ಬೆರೆಸಿದ್ದರೋ ನನಗೆ ಗೊತ್ತಿರಲಿಲ್ಲ.

ಅಂಗಡಿಯದು ಅಂದಿದ್ದರೆ ಏನಾಗುತ್ತಿತ್ತು ಎಂದು ನೀನು ಕೇಳುತ್ತೀಯ. ಪ್ಯಾಕೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ಏನಿದೆ ಗೊತ್ತಾ? ‘ಆಚಾರವಂತರ ಮನೆಯಲ್ಲಿ, ಮಡಿಯಿಂದ ತಯಾರಿಸಿದ್ದು’. ಅದನ್ನು ನಿನ್ನ ಮನೆಗೆ ಕಳಿಸಲಾ? ಸಣ್ಣಮ್ಮನ ಮೊಮ್ಮಗಳಿಗೆ ಮಡಿಯವರ ಲೇಹ ತಿನ್ನಿಸಿದೆ ಎಂದು ನೀನು ಫೋನಿನಲ್ಲೇ ನನ್ನ ಚರ್ಮ ಸುಲಿಯುತ್ತಿದ್ದೆ. ನಾಚಿಕೆಗೆ ಪ್ಯಾಕೆಟ್ಟನ್ನು ಕತ್ತರಿಸಿ ಕಸಕ್ಕೆ ಹಾಕಿದೆ. ನಮ್ಮ ಹೆಂಗಸರು ಅಂಗಡಿ ಉಪ್ಪಿನಕಾಯಿಯನ್ನು ಭರಣಿಗೆ ಸುರಿದು ನಂದೇ ಅನ್ನುವುದಿಲ್ಲವೇ, ಹಾಗೆ ಅಂದುಕೊಂಡೆ. ಅದು ಹುಡುಗಿಯ ಕತ್ತಿಗೆ ಬರುತ್ತದೆ ಅಂದುಕೊಳ್ಳಲಿಲ್ಲ.

ಇನ್ನೊಂದು ಮಾತು. ಇದನ್ನು ರಮೇಶನಿಗೂ ಹೇಳಿಲ್ಲ. ನನಗೆ ಹದಿನಾಲ್ಕು. ಅವ್ವ ಒಲೆ ಮುಂದೆ ಕೂತು ಕರೆದಳು: "ಬಾ ಇಲ್ಲಿ, ಕುಂತು ನೋಡ್ಕೋ. ನಾಳೆ ನಾನಿರಕಿಲ್ಲ." ನಾನು ಪರೀಕ್ಷೆ ಇದೆ ಅಂದೆ. ಪರೀಕ್ಷೆ ಇರಲಿಲ್ಲ ಅಕ್ಕ. ಸೂಲಗಿತ್ತಿ ಮಗಳು ಅನ್ನಿಸಿಕೊಳ್ಳಲು ನಾಚಿಕೆ ಇತ್ತು. ನಿನ್ನನ್ನೂ ಕರೆದಿರಬೇಕು. ನೀನು ಮೀಟಿಂಗಿಗೆ ಹೋಗಿದ್ದೆ, ಅವ್ವನ ವಿದ್ಯೆಯ ಬಗ್ಗೆ ಭಾಷಣ ಮಾಡಲು. ವಿದ್ಯೆ ನಮ್ಮದು ಎಂದು ಮೈಕಿನಲ್ಲಿ ಕೂಗಿದೆವು, ಒಲೆ ಮುಂದೆ ಇಬ್ಬರೂ ಕೂರಲಿಲ್ಲ. ನೋಟರಿ ಮುಂದೆ ಏನು ಬರೆಯಲಿ? ಪಾಕ ಅವ್ವನ ಜೊತೆ ಹೋಯಿತು.

ಈಗ ಕೇಳು. ಫ್ರೀ ಬಂದ ಪ್ಯಾಕೆಟ್ ನಮ್ಮ ಫ್ರೀಜರಿನಲ್ಲಿ, ಕರಿಬೇವಿನ ಕವರಿನ ಕೆಳಗೆ, ಸೀಲು ಒಡೆಯದೆ ಇದೆ. ನಿನ್ನೆ ಲಾವಣ್ಯಾಗೆ ಎಲ್ಲ ಹೇಳಿದೆ. "ಅಮ್ಮಾ, ಡೋಂಟ್ ಟಚ್ ಎನಿಥಿಂಗ್" ಎಂದು ಕಿರುಚಿ ಫೋರ್ಟ್ ಲೀಯಿಂದ ಮುಕ್ಕಾಲು ಗಂಟೆಯಲ್ಲಿ ಡ್ರೈವ್ ಮಾಡಿಕೊಂಡು ಬಂದಳು. ಅರ್ಪಿತಾಳ ವಕೀಲರಿಗೆ ಅವಳೇ ಫೋನ್ ಮಾಡಿದ್ದಾಳೆ. ಪ್ಯಾಕೆಟ್ಟನ್ನು ಲ್ಯಾಬಿನವರೇ ಬಂದು ಒಯ್ಯುತ್ತಾರಂತೆ. ಸ್ಟೋರಿನಲ್ಲಿ ಅದೇ ಬ್ಯಾಚಿನದು ಇನ್ನೂ ಇದೆ, ಅದನ್ನೂ ಅವರೇ ಕೊಳ್ಳುತ್ತಾರೆ. ನಾನು ಪ್ರಮಾಣ ಮಾಡಿ ಬರೆದುಕೊಟ್ಟಿದ್ದೇನೆ: ನಾನು ಮಾಡಿದ್ದಲ್ಲ, ಸುಳ್ಳು ಹೇಳಿದೆ.

ಸಹಿಯನ್ನು ನೋಟರಿ ಮುಂದೆಯೇ ಹಾಕಿದೆ. ತಂಗಿ ಇದ್ದಳು ಅಂದುಕೊಳ್ಳುವುದಾದರೆ ಅಂದುಕೋ.

ಚಿಕ್ಕತಾಯಿ


ಓಸ್ಟರ್‌ಸುಂಡ್
8 ಮಾರ್ಚ್ 2025

ಚಿಕ್ಕತಾಯಿ,

ಓದಿದೆ. ಒಂದು ತಟ್ಟೆ ಒಡೆದೆ. ನಿಲ್ಸ್ ಕಸಬರಿಗೆ ತಂದು ಗುಡಿಸಿದ.

ಆಮೇಲೆ ಅರ್ಪಿತಾಗೆ ಓದಿ ಹೇಳಿದೆ. ಹೋಮ ಇಟ್ಕೊಂಡಿದ್ರಾ ಅನ್ನುವಲ್ಲಿ ಶುರುವಾದ ನಗು ಅಳುವಾಗಿ, ಅಳು ಮತ್ತೆ ನಗುವಾಗಿ, ಕೂಸು ಎದ್ದು ಕೂತಿತು. ಎರಡು ತಿಂಗಳಾಗಿತ್ತು ಅವಳ ನಗು ಕೇಳಿ. "ಅಂಗಡೀದಾ? ನಿಜವಾಗ್ಲೂ ಅಂಗಡೀದಾ?" ಎಂದು ಹಬ್ಬದ ಸುದ್ದಿ ಕೇಳುವವಳ ಹಾಗೆ ಕೇಳುತ್ತಾಳೆ.

ನಿನ್ನನ್ನು ಕ್ಷಮಿಸಿಲ್ಲ. ಅವ್ವ ನನ್ನನ್ನೂ ಕರೆದಿದ್ದಳು. ಎರಡು ಸಲ.

ವಿಚಾರಣೆಯನ್ನು ಮೇ ತಿಂಗಳಿಗೆ ಮುಂದೂಡಿದ್ದಾರೆ. ಫ್ರೀಜರ್ ಬಾಗಿಲು ಭದ್ರ.

ಜವರಮ್ಮ


ಓಸ್ಟರ್‌ಸುಂಡ್
28 ಮೇ 2025

ಚಿಕ್ಕತಾಯಿ,

ಬಿಟ್ಟರು!

ನಿನ್ನೆ ಫೋನಿನಲ್ಲಿ ಇಬ್ಬರೂ ಕಿರುಚಿದ್ದೇ ಆಯಿತು, ವಿಷಯ ಹೇಳಲಾಗಲಿಲ್ಲ. ನಿನ್ನ ಫ್ರೀಜರಿನ ಪ್ಯಾಕೆಟ್ಟಿನಲ್ಲೂ ಸ್ಟೋರಿನ ಪ್ಯಾಕೆಟ್ಟುಗಳಲ್ಲೂ ಅದೇ ಔಷಧ ಸಿಕ್ಕಿತು. ಬಾಣಂತಿಗೆ ಮೈ ಹಗುರ ಅನ್ನಿಸಲಿ ಎಂದು ಆಸ್ತಮಾ ಮಾತ್ರೆಯ ಪುಡಿ ಬೆರೆಸಿದ್ದಾರೆ ಆ ಆಚಾರವಂತರು. ನೋಡು, ನಮ್ಮವ್ವನ ಕೈ ಮೈಲಿಗೆ, ಇದು ಮಡಿ. ಎಷ್ಟು ಬಾಣಂತಿಯರು ತಿಂದರೋ. ಲಾವಣ್ಯಾ ಅಲ್ಲಿನ ಆಹಾರ ಇಲಾಖೆಗೆ ದೂರು ಕೊಟ್ಟಿದ್ದಾಳಂತೆ. ಎಷ್ಟಾದರೂ ನಮ್ಮ ಮನೆಯ ಹುಡುಗಿ.

ಅರ್ಪಿತಾಳ ತಪ್ಪಿಲ್ಲ ಎಂದು ಬರೆದುಕೊಟ್ಟರು. ಡಿಸೆಂಬರಿನ ಎರಡನೇ ಗೆಲುವು ಮಾತ್ರ ಅಳಿಸಿಹೋಯಿತು. ಔಷಧ ಮೈಯಲ್ಲಿತ್ತಲ್ಲ, ಅದು ನಿಯಮವಂತೆ. ಇವಳು "ಹೋಗಲಿ, ಹಳೇ ಚಿನ್ನ ಉಳೀತು, ಹೆಸರು ಉಳೀತು" ಅಂದಳು. ನೇರ ನೆಲಮಾಳಿಗೆಗೆ ಇಳಿದು ಸ್ಕೀ ಕೆಳಗಿಳಿಸಿದಳು. ಮೇ ತಿಂಗಳು, ಹೊರಗೆ ಹಿಮದ ಚೂರೂ ಇಲ್ಲ. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡು ಮೇಣ ತೀಡುತ್ತಾ ಕೂತಿದ್ದಾಳೆ.

ನಾನು ಪತ್ರಿಕೆಗೆ ತಿದ್ದುಪಡಿ ಬರೆದೆ. ಅದು ನನ್ನ ತಾಯಿಯ ಮದ್ದಾಗಿರಲಿಲ್ಲ, ಅದನ್ನು ನಾನು ಕಲಿಯಲೂ ಇಲ್ಲ ಎಂದು. ನಲವತ್ತು ವರ್ಷದಲ್ಲಿ ನಾನು ಬರೆದ ಅತಿ ಚಿಕ್ಕ ಲೇಖನ. ಬರೆಯಲು ಮೂರು ದಿನ ಹಿಡಿಯಿತು. ಈ ಸಲ ಯಾರೂ ಕೈ ಕುಲುಕಲಿಲ್ಲ. ಮಗಳು ಮಾತ್ರ ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿದ್ದಾಳೆ.

ಹಾಸ್ಟೆಲ್ ಮುಷ್ಕರದ ಮಾತು ಎತ್ತಿದ್ದೆನಲ್ಲ, ಅದನ್ನು ವಾಪಸು ತೆಗೆದುಕೊಂಡಿದ್ದೇನೆ. ಜೀಪಿನ ಮುಂದೆ ಮಲಗುವುದಕ್ಕಿಂತ ಆ ಪತ್ರ ಕಷ್ಟದ್ದು.

ಅಕ್ಕ


ಪಾರ್ಸಿಪನಿ
15 ಫೆಬ್ರವರಿ 2026

ಅಕ್ಕ,

ನಿನ್ನೆ ಬೆಳಿಗ್ಗೆ ಅರ್ಪಿತಾಳ ರೇಸ್ ನೋಡಿದೆವು. ರಮೇಶ ಲ್ಯಾಪ್‌ಟಾಪನ್ನು ಟಿವಿಗೆ ಸಿಗಿಸಿದ. ಲಾವಣ್ಯಾ ಬಂದಿದ್ದಳು. ಬದರೀನಾಥ ಅಂಕಲ್ಲೂ ಬಂದು ಕೂತರು. "ಚಾಂಪಿಯನ್ ಅಂದ್ರಲ್ಲ, ನೋಡೇ ಬಿಡೋಣ" ಅಂತ.

ಕೊನೆಯ ಏರು ಬರುವವರೆಗೆ ನಾನು ಕೂತಿದ್ದೆ. ಅವಳು ಆರನೆಯವಳು. ಮುಂದಿನವರ ಹಿಮ್ಮಡಿ ಜಾರುತ್ತಿತ್ತು, ಇವಳ ಸ್ಕೀ ಮಾತ್ರ ನೆಲ ಕಚ್ಚಿಕೊಂಡು ಏರುತ್ತಿತ್ತು. ಆ ಮುಖ, ಸೆರಗು ಸಿಗಿಸಿದ ಮುಖ. "ಹತ್ತು ಮಗಾ, ಹತ್ತು!" ಎಂದು ನಾನು ಎದ್ದು ನಿಂತು ಕೂಗಿದೆ. ಆಮೇಲೆ ಟಿವಿಯೊಳಗಿಂದಲೂ ಅದೇ ಮಾತು ಕೇಳಿಸಿತು. ಹೇಯಾ ಹೇಯಾ ಅನ್ನುವ ಸಾವಿರ ಗಂಟಲಿನ ನಡುವೆ ಒಂದು ಗಂಟಲು, ‘ಹತ್ತೇ, ಹತ್ತು!’. ನಿನ್ನದು. ಲಾವಣ್ಯಾ ನಂಬುವುದಿಲ್ಲ. ಬೇಕಾದರೆ ಬಿಡಲಿ.

ಮೂರನೆಯವಳಾಗಿ ಬಂದು ಹಿಮದ ಮೇಲೆ ಮಲಗಿದಳು. ಅಂಕಲ್ "ಥರ್ಡಾ?" ಅಂದರು. ನಾನು ತಿರುಗಿ ನೋಡಿದೆ. "ಅಲ್ಲಮ್ಮ, ಹೆತ್ತು, ಕೇಸು ಗೆದ್ದು, ಥರ್ಡು. ಇನ್ನೇನು ಬೇಕು!" ಎಂದು ಅವರೇ ಕಣ್ಣೊರೆಸಿಕೊಂಡರು.

ಮೂತ್ರ ಪರೀಕ್ಷೆಗೆ ಅವಳನ್ನು ಕರೆದುಕೊಂಡು ಹೋಗುವುದನ್ನೂ ತೋರಿಸಿದರು. ಹೋದ ವರ್ಷವಾದರೆ ಟಿವಿ ಆರಿಸುತ್ತಿದ್ದೆ. ಈ ಸಲ ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿದೆ.

ನಿನ್ನ ಪಾರ್ಸೆಲ್ ಸೋಮವಾರವೇ ಬಂದಿತ್ತು. ಲ್ಯಾಬಿನಿಂದ ವಾಪಸು ಬಂದ ನನ್ನ ಕಾಫಿ ಸೀಸೆಯನ್ನು ಇಷ್ಟು ದಿನ ಇಟ್ಟುಕೊಂಡು, ತೊಳೆದು, ಖಾಲಿ ಕಳಿಸಬಾರದು ಎಂದು ಹಣ್ಣಿನ ಜಾಮಿನ ಡಬ್ಬಿಯ ಜೊತೆ ಕಳಿಸಿದ್ದೀಯ. ಕಾಡಿಗೆ ಹೋಗಿ ನೀನೇ ಹಣ್ಣು ಆಯ್ದು ಮಾಡಿದ್ದು ಅಂದುಕೊಂಡೆ. ಡಬ್ಬಿ ತಿರುಗಿಸಿದರೆ ಅಂಗಡಿಯ ಲೇಬಲ್ಲು. ಮೂಲೆಯೂ ಎದ್ದಿಲ್ಲ. ಅದರ ಪಕ್ಕ ನಿನ್ನ ಕೈಬರಹದ ಚೀಟಿ: ‘ನಾನು ಮಾಡಿದ್ದಲ್ಲ.’

ಸ್ವೀಡಿಷ್ ಓದಲು ಬರುವುದಿಲ್ಲ. ಆದರೂ ಲೇಬಲ್ಲನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅದು ಕಾಣುವ ಹಾಗೆ ತಿರುಗಿಸಿ ಶೆಲ್ಫಿನಲ್ಲಿ ಇಟ್ಟಿದ್ದೇನೆ.

ಚಿಕ್ಕತಾಯಿ